ಜಗಳ ಆಗಲಿಲ್ಲ ಸ್ವಾಮಿ

"ಆರ್.ಇ.ಎಂ. ಯಾಕೆ ಒಡೆದುಹೋಯ್ತು? ಯಾರಿಗೂ ಯಾರಿಗೂ ಜಗಳ?"

ಆ ಅಮೆರಿಕದ ರಾಕ್ ಬ್ಯಾಂಡಿನ ಹುಚ್ಚು ನನಗಿದೆ ಅಂತ ಗೊತ್ತಾದವರೆಲ್ಲ ಕೇಳುವುದು ಇದನ್ನೇ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಒಂದು ಸಲ ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಜಗಳ ಆಗಲಿಲ್ಲ. ಅಷ್ಟೇ.

ಯಾರೂ ನಂಬುವುದಿಲ್ಲ. ದುಡ್ಡಿನ ವಿಷಯ ಇರಬೇಕು ಅಂತ ಕಣ್ಣು ಮಿಟುಕಿಸುತ್ತಾರೆ. ಹಾಡು ಯಾರೇ ಕಟ್ಟಿರಲಿ, ನಾಲ್ವರ ಹೆಸರೂ ಹಾಕಿಕೊಂಡ ಜನ ಅವರು. 1980ರಲ್ಲಿ ಜಾರ್ಜಿಯಾದ ಅಥೆನ್ಸ್ ಊರಲ್ಲಿ ಶುರು ಮಾಡಿದರು. 1997ರಲ್ಲಿ ಡ್ರಮ್ಮರ್ ಬಿಲ್ ಬೆರಿ ಬಿಡುವಾಗಲೂ, ತನ್ನಿಂದಾಗಿ ಬ್ಯಾಂಡ್ ನಿಲ್ಲುವುದಾದರೆ ಬಿಡುವುದೇ ಇಲ್ಲ ಅಂದಿದ್ದ. ಉಳಿದ ಮೂವರು 2011ರ ಸೆಪ್ಟೆಂಬರ್ 21ರಂದು ಚಿಕ್ಕದೊಂದು ಪ್ರಕಟಣೆ ಕೊಟ್ಟು, ಥ್ಯಾಂಕ್ಸ್ ಹೇಳಿ ಎದ್ದುಹೋದರು. 31 ವರ್ಷ! ಒಬ್ಬನಾದರೂ ಇನ್ನೊಬ್ಬನನ್ನು ಬೈದಿದ್ದರೆ ನನಗೂ ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬಹುದಿತ್ತು.

ಮಾರನೇ ದಿನ ಆಫೀಸಿನಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದೆ. ಪಕ್ಕದ ಸೀಟಿನವರು, "ಏನ್ರೀ, ಮನೇಲಿ ಎಲ್ಲ ಆರಾಮಾ?" ಅಂದರು.

"ಬ್ಯಾಂಡ್ ಮುಚ್ಚಿಹೋಯ್ತು."

"ಅಯ್ಯೋ! ಯಾವ ಬ್ಯಾಂಕು? ಎಷ್ಟಿಟ್ಟಿದ್ರಿ?"

ಬಿಡಿಸಿ ಹೇಳಿದ ಮೇಲೆ ಅವರ ಮುಖದಲ್ಲಿ ಒಂದು ನೆಮ್ಮದಿ ಕಂಡಿತಲ್ಲ, ಅದನ್ನು ಇವತ್ತಿಗೂ ಕ್ಷಮಿಸಿಲ್ಲ. ಬ್ಯಾಂಕೇ ವಾಸಿ ಕಣ್ರೀ. ಠೇವಣಿಗೆ ವಿಮೆಯಾದರೂ ಇರುತ್ತೆ.

ನಿಜ ಹೇಳಲಾ? ಇವರೆಲ್ಲ ಬೇರೆ ಪ್ರಶ್ನೆ ಕೇಳಬೇಕಿತ್ತು. "ನಿಂಗೆ ಮೊದಲೇ ಗೊತ್ತಾಗಲಿಲ್ವಾ?" ಅಂತ.

ಗೊತ್ತಾಗಬೇಕಿತ್ತು. ಕೊನೆಯ ಆಲ್ಬಂ 'ಕೊಲ್ಯಾಪ್ಸ್ ಇಂಟು ನೌ' ಬಂದದ್ದು ಅದೇ ವರ್ಷದ ಮಾರ್ಚಿನಲ್ಲಿ. ಅದಕ್ಕೆ ಟೂರ್ ಮಾಡಲಿಲ್ಲ. ಪಾಪ, ಸುಸ್ತಾಗಿರಬೇಕು ಅಂದುಕೊಂಡೆ. ಮುಖಪುಟದಲ್ಲಿ ಹಾಡುಗಾರ ಮೈಕೆಲ್ ಸ್ಟೈಪ್ ಕೈ ಮೇಲೆತ್ತಿದ್ದಾನೆ. ಆ ಸಿ.ಡಿ.ಯನ್ನು ಆರು ತಿಂಗಳು ಕಂಪ್ಯೂಟರ್ ಪಕ್ಕ ನಿಲ್ಲಿಸಿಕೊಂಡಿದ್ದೆ. 'ಹಲೋ' ಅಂತಿದ್ದಾನೆ ಅಂದುಕೊಂಡು ದಿನಾ ಬೆಳಗ್ಗೆ ನಾನೂ ಒಳಗೊಳಗೇ ಹಲೋ ಅಂದಿದ್ದೇನೆ. ಎಲ್ಲ ಮುಗಿದ ಮೇಲೆ ಅವನೇ ಹೇಳಿದ: ಅದು ಟಾಟಾ ಮಾಡುತ್ತಿದ್ದ ಕೈಯಂತೆ. ಯಾರಿಗೂ ಹೊಳೆಯಲಿಲ್ಲವಂತೆ.

2024ರ ಜೂನ್‌ನಲ್ಲಿ ನ್ಯೂಯಾರ್ಕಿನ ಒಂದು ಸಮಾರಂಭದಲ್ಲಿ ಬೆರಿಯೂ ಸೇರಿ ನಾಲ್ವರೂ ಒಟ್ಟಿಗೆ ನಿಂತರು. "ನಿಮ್ಮೋರು ಮತ್ತೆ ಒಂದಾದ್ರಂತೆ!" ಅಂತ ಫೋನ್ ಮೇಲೆ ಫೋನ್. ಇಲ್ಲ ಸ್ವಾಮಿ. ಒಂದು ಹಾಡು ಹಾಡಿ ಮನೆಗೆ ಹೋದರು. (ಆ ವಿಡಿಯೋ ಎಷ್ಟು ಸಲ ನೋಡಿದೆ ಅಂತ ಮಾತ್ರ ಕೇಳಬೇಡಿ.)

ಸಿ.ಡಿ. ಈಗಲೂ ಕಂಪ್ಯೂಟರ್ ಪಕ್ಕದಲ್ಲೇ ಇದೆ. ಹಿಂದುಮುಂದು ಮಾಡಿ ಇಟ್ಟಿದ್ದೇನೆ.