ಸೊಲ್ಲಾಪುರದ ಪುತ್ಥಳಿ, ಬಾಗ (ಉದ್ಯಾನ), ಚೌಕಗಳ ಹೆಸರು: ದಾಖಲಾತಿ ಎಲ್ಲಿಗೆ ಬಂತು

ಪಾರ್ಕ್ ಚೌಕದ ಸುತ್ತಲಿನ ಭಾಗ ಮುಗಿಯಿತು. ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅಲ್ಲಿನ ಪುತ್ಥಳಿಗಳಿಗೆ ಮರಾಠಿಯ ಜೊತೆ ಕನ್ನಡ ಹೆಸರೂ ಕೂತಿದೆ. ಅವನ್ನು ಮುಕ್ತ ಮಾಹಿತಿಕೋಶವಾದ ವಿಕಿಡೇಟಾದ ಪುಟಗಳಿಗೆ ಕೊಂಡಿ ಹಾಕುವ ಕೆಲಸ ನಡೆದಿದೆ.

ಹೆಚ್ಚು ಹೊತ್ತು ಹಿಡಿದದ್ದು ಊರವರು ಚಾರ್ ಪುತಳಾ (ನಾಲ್ಕು ಪುತ್ಥಳಿ) ಎನ್ನುವ ಹುತಾತ್ಮರ ಪುತ್ಥಳಿ. ನಕ್ಷೆಯಲ್ಲಿ ಬರೀ ‘ಹುತಾತ್ಮಾ’ ಎಂದಿದ್ದರೆ ನಾಲ್ವರೂ ಅಳಿಸಿಹೋದಂತೆಯೇ. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್: 1930ರ ಮೇ ತಿಂಗಳಲ್ಲಿ ಸೊಲ್ಲಾಪುರದ ಮೇಲೆ ಮಾರ್ಷಲ್ ಲಾ ಹೇರಿದ ದಿನಗಳ ಮೊಕದ್ದಮೆಯಲ್ಲಿ ಶಿಕ್ಷೆಯಾಗಿ, 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿದವರು. ಆದ್ದರಿಂದ ಪುತ್ಥಳಿ ಯಾರದೆಂದು ನಕ್ಷೆಗೆ ತಿಳಿಸುವ ‘ಸಬ್ಜೆಕ್ಟ್:ವಿಕಿಡೇಟಾ’ ಟ್ಯಾಗಿನಲ್ಲಿ (ಮಾಹಿತಿ ತುಂಬುವ ಖಾನೆ) ನಾಲ್ವರ ಕ್ಯೂ ಸಂಖ್ಯೆಗಳನ್ನೂ, ಅಂದರೆ ಅವರವರ ವಿಕಿಡೇಟಾ ಪುಟದ ಸಂಖ್ಯೆಗಳನ್ನೂ, ಅರ್ಧವಿರಾಮ (;) ಕೊಟ್ಟು ಒಂದರ ಪಕ್ಕ ಒಂದು ಬರೆಯಬೇಕು, ನಡುವೆ ಖಾಲಿ ಜಾಗ ಬಿಡಬಾರದು. ಚೌಕಕ್ಕೋ ಬಾಗಕ್ಕೋ ಆದರೆ ‘ಸಬ್ಜೆಕ್ಟ್’ ಹೊಂದುವುದಿಲ್ಲ, ಹೆಸರು ಯಾರಿಂದ ಬಂತೆಂದು ಹೇಳುವ ‘ನೇಮ್:ಎಟಿಮಾಲಜಿ:ವಿಕಿಡೇಟಾ’ ಬಳಸಿ. ವಿಕಿಡೇಟಾದಲ್ಲೂ ಇದೇ ಭೇದ: ಯಾರ ಹೆಸರಿಟ್ಟಿದೆ ಎಂಬುದಕ್ಕೆ ಪಿ138 ಎಂಬ ಗುಣಸಂಖ್ಯೆ, ಯಾರ ನೆನಪಿಗೆ ಎಂಬುದಕ್ಕೆ ಪಿ547, ಯಾರ ರೂಪ ಎಂಬುದಕ್ಕೆ ಪಿ180.

ಕೋಟೆ ಬದಿಯ ಹುತಾತ್ಮಾ ಬಾಗಕ್ಕೆ ಈ ನಾಲ್ಕು ಕ್ಯೂ ಸಂಖ್ಯೆಗಳನ್ನು ಹಾಗೇ ನಕಲು ಮಾಡಬೇಡಿ. ಫಲಕದ ಫೋಟೊ ಕೈಗೆ ಬಂದ ಮೇಲೆ ಸೇರಿಸೋಣ. ಹೆಸರು ಒಂದೇ ಇದೆ ಎಂಬುದು ಆಧಾರವಾಗದು.

ಪೀಠದ ಫಲಕ ಓದುವಾಗ ಎಡವುವುದು ತಾರೀಖಿನಲ್ಲೇ. ಒಂದೇ ಕಲ್ಲಿನ ಮೇಲೆ ಜನನ, ಮರಣ, ಶಿಲಾನ್ಯಾಸ, ಅನಾವರಣ ಎಲ್ಲ ಇರಬಹುದು. ನಕ್ಷೆಯ ‘ಸ್ಟಾರ್ಟ್ ಡೇಟ್’ ಟ್ಯಾಗಿಗೆ ಹೋಗಬೇಕಾದದ್ದು ಅನಾವರಣದ ದಿನ ಮಾತ್ರ, ಜನನ ಮರಣಗಳು ವ್ಯಕ್ತಿಯ ವಿಕಿಡೇಟಾ ಪುಟಕ್ಕೆ ಸೇರಿದವು. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ. ಶಕವರ್ಷ ಯುಗಾದಿಗೆ ಬದಲಾಗುವುದರಿಂದ, ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79 ಕೂಡಿಸಬೇಕು. ನಾಗರಿ ಅಂಕಿಗಳಲ್ಲಿ ಸವೆದ ಒಂದು ಮತ್ತು ಒಂಬತ್ತು ಒಂದೇ ಥರ ಕಾಣುತ್ತವೆ. ಅಕ್ಷರದೊಳಗಿನ ಬಣ್ಣ ಉದುರಿದ್ದರೆ ಬಣ್ಣವನ್ನು ನಂಬದೆ ಉಳಿ ಕೊರೆದ ಗೆರೆಯನ್ನೇ ನೋಡಿ.

ಅದಕ್ಕೆ ಟಾರ್ಚ್ ಬೇಕು. ಕಲ್ಲಿಗೆ ಹೆಚ್ಚುಕಡಿಮೆ ತಾಗಿಸಿದಂತೆ ಬದಿಯಿಂದ ಬೆಳಕು ಬಿಟ್ಟು ಎಡ, ಬಲ, ಮೇಲೆ, ಕೆಳಗೆ ಹೀಗೆ ನಾಲ್ಕು ಫೋಟೊ ತೆಗೆದರೆ ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಏಳುತ್ತದೆ. ಕರಿ ಗ್ರಾನೈಟ್ ಕನ್ನಡಿಯಂತೆ ಹೊಳೆಯುವುದರಿಂದ ಎದುರು ನಿಲ್ಲದೆ ಸ್ವಲ್ಪ ಓರೆಯಾಗಿ ನಿಂತು, ಹಿಂದೆ ಯಾರಾದರೂ ಕರಿ ಬಟ್ಟೆ ಹಿಡಿಯಲಿ. ಸುಣ್ಣದಕಡ್ಡಿ, ಎಣ್ಣೆ, ಕುಂಕುಮ ಹಚ್ಚಿ ಅಕ್ಷರ ಎತ್ತುವುದು ಬೇಡವೇ ಬೇಡ. ಕಲ್ಲು ಅದನ್ನು ಹೀರಿಕೊಂಡರೆ ಮತ್ತೆ ಬಿಡುವುದಿಲ್ಲ. ಜಯಂತಿ, ಪುಣ್ಯತಿಥಿಗಳ ಆಸುಪಾಸು ಮಾಲೆಗಳು ಫಲಕ ಮುಚ್ಚುತ್ತವೆ. ಸಂಕ್ರಾಂತಿಯಲ್ಲಿ ನಡೆಯುವ ಸಿದ್ಧರಾಮರ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಟಾಗ ಹಳೇ ಪೇಟೆಯಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ.

ಓಪನ್‌ಸ್ಟ್ರೀಟ್‌ಮ್ಯಾಪ್‌ನ ಒಂದು ಟ್ಯಾಗಿಗೆ 255 ಅಕ್ಷರಗಳೇ ಮಿತಿ. ಕನ್ನಡ, ಮರಾಠಿಯಲ್ಲಿ ಒತ್ತು, ಕಾಗುಣಿತದ ಚಿಹ್ನೆಗಳೂ ಲೆಕ್ಕಕ್ಕೆ ಬರುವುದರಿಂದ ಉದ್ದ ಶಾಸನ ಅರ್ಧಕ್ಕೇ ನಿಲ್ಲುತ್ತದೆ. ಅದನ್ನು ‘ಇನ್‌ಸ್ಕ್ರಿಪ್ಶನ್:1’, ‘ಇನ್‌ಸ್ಕ್ರಿಪ್ಶನ್:2’ ಎಂಬ ಟ್ಯಾಗುಗಳಿಗೆ ಒಡೆದು ಬರೆಯಿರಿ. ಫೋಟೊ ಏರಿಸಲು ಹೆದರಬೇಕಿಲ್ಲ: ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ನಿಂತ ಶಿಲ್ಪದ ಫೋಟೊಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಟ್ಟಿದೆ. ಗೋಡೆಚಿತ್ರಕ್ಕೆ ಈ ವಿನಾಯಿತಿ ಇದೆಯೆಂದು ಹಿಡಿಯಬೇಡಿ.

ದ್ವಾರಕಾನಾಥ ಕೋಟ್ನಿಸ್ ಸ್ಮಾರಕದ ಕೊಂಡಿ ಸೇರಿದೆ. 1910ರ ಅಕ್ಟೋಬರ್ 10ರಂದು ಇದೇ ಊರಲ್ಲಿ ಹುಟ್ಟಿ, 1938ರಲ್ಲಿ ಐವರು ವೈದ್ಯರ ತಂಡದೊಂದಿಗೆ ಚೀನಾಕ್ಕೆ ಹೋಗಿ, 1942ರ ಡಿಸೆಂಬರ್ 9ರಂದು ಅಲ್ಲೇ ತೀರಿಕೊಂಡವರು. ಅವರ ಸಮಾಧಿ ಶಿಜಿಯಾಝುವಾಂಗ್‌ನಲ್ಲಿದೆ. ಅಲ್ಲಿ ಅವರ ಚೀನೀ ಹೆಸರು ಕೆ ದಿಹುವಾ. ಎರಡೂ ಹೆಸರು ಒಂದೇ ಪುಟದಲ್ಲಿರಬೇಕು. ಹೊಸ ಪುಟ ತೆರೆಯುವ ಮುನ್ನ ಹುಡುಕಿ. ಇಂದ್ರಭವನ ಕಟ್ಟಿಸಿದ ಅಪ್ಪಾಸಾಹೇಬ ವಾರದರಿಗೂ ಇದೇ ಎಚ್ಚರ ಬೇಕು, ಅವರ ಹೆಸರು ಮಲ್ಲಪ್ಪ ಎಂದೂ ಬರುತ್ತದೆ.

ಇನ್ನು ಸಿದ್ಧರಾಮರು ಪ್ರತಿಷ್ಠಾಪಿಸಿದರೆಂಬ 68 ಲಿಂಗಗಳು. ಸೊನ್ನಲಿಗೆಯ (ಸೊಲ್ಲಾಪುರದ ಹಳೇ ಹೆಸರು) ಗುರುತೇ ಅವು, ಕನ್ನಡದಲ್ಲಿ ಸರಿಯಾಗಿ ದಾಖಲಾಗಲೇಬೇಕು. ದೇವಸ್ಥಾನದ ಆವರಣದಲ್ಲಿರುವವನ್ನು ಮೊದಲು ಹಿಡಿಯೋಣ. ಯಾವುದಾದರೂ ಖಾಸಗಿ ಜಾಗದೊಳಗಿದ್ದರೆ ಮನೆಯವರ ಒಪ್ಪಿಗೆ ಇಲ್ಲದೆ ನಕ್ಷೆಗೆ ಹಾಕಬೇಡಿ.