ಹ್ಯಾಶ್ ಟೇಬಲ್‌ ಕಲಿತು ರೋಗಾಣು ಹುಡುಕಿದ್ದು

"ಹುಡುಕೋಕೆ ಮುಂಚೆ ಜೋಡಿಸಿಡಿ." ಎರಡನೇ ವರ್ಷದಲ್ಲಿ ಡೇಟಾ ಸ್ಟ್ರಕ್ಚರ್ಸ್ ಕಲಿಸಿದ ನಮ್ಮ ಮೇಡಂ ಇದನ್ನು ಪದೇ ಪದೇ ಹೇಳುತ್ತಿದ್ದರು. ಅವರ ಹತ್ತಿರ ಕಲಿತ ಹ್ಯಾಶ್ ಟೇಬಲ್ (ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಬೇಕಾದ ಕೂಡಲೇ ಸಿಗುವಂತೆ ಜೋಡಿಸಿಡುವ ವಿಧಾನ) ಈಗ ನನ್ನ ದಿನದ ಕೆಲಸ. ರೋಗಿಯ ಸ್ಯಾಂಪಲ್‌ನಲ್ಲಿ ಯಾವ ರೋಗಾಣು ಇದೆ ಅಂತ ಹುಡುಕುವ ಕೆಲಸ.

ಈ ಕಡೆ ನನ್ನನ್ನು ಎಳೆದದ್ದು 2014ರ ಒಂದು ವರದಿ. ಅಮೆರಿಕದಲ್ಲಿ 14 ವರ್ಷದ ಹುಡುಗನಿಗೆ ಮೆದುಳಿನ ಉರಿಯೂತ. ಮೆದುಳಿನ ಬಯಾಪ್ಸಿ ಮಾಡಿದರೂ ಕಾರಣ ಸಿಕ್ಕಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿ ಚಾರ್ಲ್ಸ್ ಚಿಯು ಅವರ ತಂಡ, ಬೆನ್ನಿನಿಂದ ತೆಗೆದ ನೀರಿನಲ್ಲಿದ್ದ ಡಿಎನ್‌ಎಯನ್ನೆಲ್ಲ ಓದಿಸಿತು. ಸಿಕ್ಕಿದ್ದು 30,63,784 ತುಣುಕು. ಅದರಲ್ಲಿ ಬರೀ 475 ಲೆಪ್ಟೊಸ್ಪೈರಾದ್ದು. ನಾವು ಇಲಿ ಜ್ವರ ಅಂತೀವಲ್ಲ, ಅದನ್ನು ತರುವ ಬ್ಯಾಕ್ಟೀರಿಯಾ. ಪೆನಿಸಿಲಿನ್ ಕೊಟ್ಟರು, ಹುಡುಗ ಚೇತರಿಸಿಕೊಂಡ. ಆ ವರದಿಯನ್ನು ಎಷ್ಟು ಸಲ ಓದಿದೆನೋ!

ತುಣುಕು ಅಂದರೆ ಎ, ಸಿ, ಜಿ, ಟಿ ಅಕ್ಷರಗಳ ಸಾಲು. ಹೆಚ್ಚಿನವು ರೋಗಿಯವೇ, ಮೊದಲು ಅವನ್ನು ತೆಗೆಯಬೇಕು. ಉಳಿದವನ್ನು ಏನು ಮಾಡೋದು? ಅದೇ ವರ್ಷ ಬಂದ ಕ್ರೇಕನ್ ಎಂಬ ಪ್ರೋಗ್ರಾಂ ಅವನ್ನು 31 ಅಕ್ಷರಗಳ ಚೂರುಗಳಾಗಿ ನೋಡುತ್ತದೆ. ಯಾವ ಚೂರು ಯಾವ ಜೀವಿಯದು ಅನ್ನುವ ಪಟ್ಟಿ ಮೊದಲೇ ತಯಾರಿರುತ್ತದೆ. ಮೇಡಂ ಹೇಳಿದ್ದೂ ಇದೇ ಅಲ್ವಾ?

ಆದರೆ ಉತ್ತರ ಬಂದ ಕೂಡಲೇ ನಂಬುವಂತಿಲ್ಲ. ಲ್ಯಾಬಿನ ಕಿಟ್‌ನಲ್ಲೇ ಬ್ಯಾಕ್ಟೀರಿಯಾದ ಡಿಎನ್‌ಎ ಸೇರಿಕೊಂಡಿರುತ್ತದೆ. ಅದಕ್ಕೇ ರೋಗಿಗಳ ಸ್ಯಾಂಪಲ್ ಜೊತೆ ಬರೀ ಶುದ್ಧ ನೀರಿನ ಟ್ಯೂಬ್ ಒಂದನ್ನೂ ಇಡುತ್ತೇವೆ. ರೋಗಿಯಲ್ಲಿ ಕಂಡ ಹೆಸರು ಆ ನೀರಿನಲ್ಲೂ ಕಂಡರೆ, ಡಾಕ್ಟರಿಗೆ ಹೇಳುವ ಮುಂಚೆ ಹತ್ತು ಸಲ ಯೋಚಿಸಬೇಕು. ಪ್ರೋಗ್ರಾಂನ ವೇಗಕ್ಕಿಂತ ಈ ಎಚ್ಚರ ದೊಡ್ಡದು ಅಂತ ನಾನು ನಂಬಿದ್ದೇನೆ.

ನಮ್ಮ ಮಲೆನಾಡಿಗಂತೂ ಈ ಕೆಲಸ ಬೇಕೇ ಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇನ್ನೂ ಜೀವ ತೆಗೆಯುತ್ತಿದೆ. ಅದರದು ಆರ್‌ಎನ್‌ಎ ವೈರಸ್, ಅಂದರೆ ಅದರಲ್ಲಿ ಡಿಎನ್‌ಎ ಇರುವುದಿಲ್ಲ. ಲ್ಯಾಬಿನಲ್ಲಿ ಬರೀ ಡಿಎನ್‌ಎ ಓದಿಸಿದರೆ ನಮ್ಮ ಪ್ರೋಗ್ರಾಂಗೆ ಅದು ಕಾಣುವುದೇ ಇಲ್ಲ. ಕೋಡ್ ಬರೆಯುವವರು ಲ್ಯಾಬಿನವರ ಪಕ್ಕ ಕೂರಬೇಕು ಅನ್ನುವುದು ಇದಕ್ಕೇ.

ಈಗ ಓದುತ್ತಿರುವ ತಮ್ಮ ತಂಗಿಯರೇ, ಮೈಕ್ರೋಬಯಾಲಜಿ ಓದುವ ಒಬ್ಬರನ್ನು ಗೆಳೆಯರನ್ನಾಗಿ ಮಾಡಿಕೊಳ್ಳಿ. ಎನ್‌ಸಿಬಿಐ ಎಂಬ ಅಮೆರಿಕ ಸರ್ಕಾರದ ಜಾಲತಾಣದಲ್ಲಿ ಸಾವಿರಾರು ರೋಗಾಣುಗಳ ಜೀನೋಮ್, ಅಂದರೆ ಪೂರ್ತಿ ಅಕ್ಷರಗಳ ಸಾಲು, ಉಚಿತವಾಗಿ ಸಿಗುತ್ತದೆ. ಒಂದು ಲ್ಯಾಪ್‌ಟಾಪ್‌ನಲ್ಲಿ ಶುರು ಮಾಡಬಹುದು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನನಗೆ ಬರೆಯಿರಿ. ವಿಳಾಸ ಮೇಡಂ ಹತ್ತಿರ ಇದೆ.