ಟೀನಾ ಟರ್ನರ್ ಜೋಡಿ ಹಾಡುಗಳು: ಒಂದು ಬದಿ ಮುಗಿಯಿತು, ಇನ್ನೊಂದು ಅರ್ಧ

ಕಳೆದ ಬಾರಿ ಬರೆದಾಗ ಅಮೆರಿಕದ ಗಾಯಕಿ ಟೀನಾ ಟರ್ನರ್ ಅವರ 'ಪ್ರೈವೇಟ್ ಡ್ಯಾನ್ಸರ್' ಎಲ್‌ಪಿ (ಹಾಡಿನ ದೊಡ್ಡ ತಟ್ಟೆ) ಇನ್ನೂ ಕೈಗೆ ಬಂದಿರಲಿಲ್ಲ. ಈಗ ಬಂದಿದೆ. ತೊಳೆದು ಒಣಗಿಸಿ, ಮೊದಲ ಬದಿಯನ್ನು ಪೂರ್ತಿ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ. ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು: 1984ರ ಮೇ ತಿಂಗಳಲ್ಲಿ ಬಂದ ಈ ಆಲ್ಬಮ್‌ನ ಬಹುಪಾಲು ಹಾಡುಗಳು ಟೀನಾ ಟರ್ನರ್ ಅವರಿಗಿಂತ ಮೊದಲು ಬೇರೆ ಯಾರದೋ ಆಗಿದ್ದವು. ಆ ಮೂಲವನ್ನೂ ಟೀನಾ ಹಾಡಿದ್ದನ್ನೂ ಒಂದರ ಬೆನ್ನಿಗೆ ಒಂದು ಇಟ್ಟು ಕೇಳುವುದು, ಕೇಳಿದ್ದನ್ನು ಹಾಡಿಗೊಂದು ಪುಟದಂತೆ ಬರೆದಿಡುವುದು, ಇಷ್ಟೇ ನನ್ನ ಕೆಲಸ.

ಟೀನಾ 1976ರಲ್ಲಿ ಡಲ್ಲಾಸ್‌ನ ಹೋಟೆಲಿನಿಂದ ಗಂಡ ಐಕ್‌ನನ್ನು ಬಿಟ್ಟು ಓಡಿದ್ದು, ಆಗ ಕೈಯಲ್ಲಿ 36 ಸೆಂಟ್ ಇದ್ದದ್ದು ಎಲ್ಲರಿಗೂ ಬಾಯಿಪಾಠವಾಗಿರುವ ಕಥೆ. ನನಗೆ ಹೆಚ್ಚು ಕುತೂಹಲವಿರುವುದು ಆಮೇಲಿನ ಏಳು ವರ್ಷಗಳ ಬಗ್ಗೆ. 'ರಫ್' (1978), 'ಲವ್ ಎಕ್ಸ್‌ಪ್ಲೋಷನ್' (1979) ಎಂಬ ಎರಡು ಆಲ್ಬಮ್‌ಗಳು ಬಂದವು, ಯಾರೂ ಕೇಳಲಿಲ್ಲ. ಸಾಲ ತೀರಿಸಲು ಹೋಟೆಲ್ ಸಭಾಂಗಣಗಳಲ್ಲಿ ಹಾಡು, ಟಿವಿಯ ಆಟದ ಕಾರ್ಯಕ್ರಮಗಳಲ್ಲಿ ಮುಖ ತೋರಿಸುವುದು. ರೋಜರ್ ಡೇವಿಸ್ ಎಂಬ ಆಸ್ಟ್ರೇಲಿಯಾದ ವ್ಯವಸ್ಥಾಪಕ ಜೊತೆಯಾದ ಮೇಲೆ ಗಾಡಿ ಹಳಿಗೆ ಬಂತು. 1983ರಲ್ಲಿ ನ್ಯೂಯಾರ್ಕ್‌ನ ರಿಟ್ಜ್ ಕ್ಲಬ್‌ನಲ್ಲಿ ಟೀನಾ ಅವರ ಕಾರ್ಯಕ್ರಮವಿದ್ದ ದಿನ ಬ್ರಿಟಿಷ್ ಗಾಯಕ ಡೇವಿಡ್ ಬೋವೀ ತನ್ನ ರೆಕಾರ್ಡ್ ಕಂಪನಿಯ ಅಧಿಕಾರಿಗಳಿಗೆ, ಇವತ್ತು ನನ್ನ ಮೆಚ್ಚಿನ ಗಾಯಕಿಯನ್ನು ಕೇಳಲು ಹೋಗುತ್ತಿದ್ದೇನೆ ಎಂದುಬಿಟ್ಟರು. ಅಧಿಕಾರಿಗಳೂ ಹಿಂದೆಯೇ ಹೋದರು. ಹೀಗೂ ಬಾಗಿಲು ತೆರೆಯುತ್ತದೆ.

ಜೋಡಿ ಕೇಳುವಾಗ ನಾನು ಬಿಗಿಯಾಗಿ ಪಾಲಿಸುವ ನಿಯಮ ಒಂದೇ: ಎರಡೂ ಧ್ವನಿಮುದ್ರಣಗಳ ಜೋರು ಒಂದೇ ಮಟ್ಟಕ್ಕೆ ಬರಬೇಕು. ಕಿವಿ ಬಹಳ ಸುಲಭವಾಗಿ ಮೋಸಹೋಗುತ್ತದೆ. ಒಂದು ಹಾಡು ಕೂದಲೆಳೆಯಷ್ಟು ಜೋರಾಗಿದ್ದರೂ ಅದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಎಪ್ಪತ್ತರ ದಶಕದ ಹಾಡುಗಳು ಇಂದಿನ ಮರುಮುದ್ರಣಗಳ ಮುಂದೆ ಮಂಕಾಗಿ ಕೇಳುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಅತಿ ಹೆಚ್ಚು ಹೊತ್ತು ಹಿಡಿದದ್ದು ಮೆಂಫಿಸ್‌ನ ಎರಡು ಹಾಡುಗಳು. ಆನ್ ಪೀಬಲ್ಸ್ ಅವರ 'ಐ ಕಾಂಟ್ ಸ್ಟ್ಯಾಂಡ್ ದ ರೇನ್' (1973), ಆಲ್ ಗ್ರೀನ್ ಅವರ 'ಲೆಟ್ಸ್ ಸ್ಟೇ ಟುಗೆದರ್' (1971). ಎರಡೂ ತಯಾರಾದದ್ದು ಒಂದೇ ಊರಿನ ರಾಯಲ್ ಸ್ಟುಡಿಯೋದಲ್ಲಿ, ಒಬ್ಬನೇ ನಿರ್ಮಾಪಕ ವಿಲ್ಲಿ ಮಿಚೆಲ್ ಕೈಯಲ್ಲಿ. ಟೀನಾ ಬೆಳೆದ ನಟ್‌ಬುಷ್ ಇರುವುದೂ ಅದೇ ಟೆನೆಸ್ಸೀ ರಾಜ್ಯದಲ್ಲಿ, ಮೆಂಫಿಸ್‌ನಿಂದ ದೂರವೇನಲ್ಲ. ಅಂದರೆ ತವರಿನ ಹಾಡುಗಳು ಲಂಡನ್‌ಗೆ ಹೋಗಿ ಸಿಂತಸೈಸರ್ (ವಿದ್ಯುನ್ಮಾನ ಕೀಲಿಮಣೆ ವಾದ್ಯ) ತೊಟ್ಟು ಬಂದವು.

ಪೀಬಲ್ಸ್ ಹಾಡಿನ ಆರಂಭದ ಮಳೆಹನಿ ನಿಜಕ್ಕೂ ಎಲೆಕ್ಟ್ರಿಕ್ ಟಿಂಬಾಲಿ ಎಂಬ ತಾಳವಾದ್ಯ. ಟಿಣ್, ಟಿಣ್ ಎಂದು ಹನಿ ಬೀಳುತ್ತದೆ, ಸುತ್ತ ಏನೂ ಇಲ್ಲ, ಅಷ್ಟರಲ್ಲಿ ದನಿ ಬಂದು ಕೂರುತ್ತದೆ. ಎರಡೂವರೆ ನಿಮಿಷದಲ್ಲಿ ಹಾಡೇ ಮುಗಿದಿರುತ್ತದೆ. ನಿರ್ಮಾಪಕ ಟೆರಿ ಬ್ರಿಟನ್ ಟೀನಾಗೆ ಮಾಡಿಕೊಟ್ಟ ರೂಪದಲ್ಲಿ ಹನಿಯ ಜಾಗವನ್ನು ಸಿಂತಸೈಸರ್ ಹಿಡಿದಿದೆ. ನುಣುಪಾಗಿದೆ, ಆದರೆ ಒದ್ದೆಯಿಲ್ಲ. ಈ ಜೋಡಿಯಲ್ಲಿ ನನ್ನ ಮತ ಪೀಬಲ್ಸ್‌ಗೆ, ಎರಡು ಮಾತಿಲ್ಲ.

'ಲೆಟ್ಸ್ ಸ್ಟೇ ಟುಗೆದರ್' ಎರಡನೆಯ ಬದಿಯ ಮೊದಲ ಹಾಡು. ಅಲ್ಲಿ ಲೆಕ್ಕ ಬೇರೆ. ಆಲ್ ಗ್ರೀನ್‌ಗೆ ಮೆತ್ತಗೆ ಹಾಡು, ಇನ್ನೂ ಮೆತ್ತಗೆ ಎಂದು ಮಿಚೆಲ್ ಒತ್ತಾಯಿಸಿದ್ದು ಪ್ರಸಿದ್ಧ. ಅದರ ಫಲ ಕಿವಿಯ ಪಕ್ಕದಲ್ಲೇ ಆಡಿದಂತಿರುವ ದನಿ. ಟೀನಾ ಅದನ್ನು ಅನುಕರಿಸುವುದಿಲ್ಲ. 'ಹೆವನ್ 17' ತಂಡದ ಮಾರ್ಟಿನ್ ವೇರ್, ಗ್ರೆಗ್ ವಾಲ್ಶ್ ಜೊತೆ ಸೇರಿ ನಿರ್ಮಿಸಿದ ರೂಪದಲ್ಲಿ ಶುರುವಿಗೆ ತಾಳವೇ ಇಲ್ಲ. ತೆಳುವಾದ ಸ್ವರಮೇಳದ ಮೇಲೆ ಅವರು ಒಂದೊಂದೇ ಮಾತನ್ನು ಎಳೆದು ಬಿಡುತ್ತಾರೆ, ಮುಂದಿನದಕ್ಕೆ ಅವಸರವಿಲ್ಲ. ತಾಳ ಬಂದ ಮೇಲೂ ಗಂಟಲನ್ನು ಪೂರ್ತಿ ತೆರೆಯಲು ಬಹಳ ಹೊತ್ತು ಕಾಯುತ್ತಾರೆ. ಟೀನಾ ಇದನ್ನು ಮೊದಲ ಸಲಕ್ಕೇ ಹಾಡಿ ಮುಗಿಸಿದರು ಎಂದು ವೇರ್ ಹೇಳಿಕೊಂಡಿದ್ದಾರೆ. 1983ರ ನವೆಂಬರಿನಲ್ಲಿ ಬಿಡುಗಡೆಯಾಗಿ ಬ್ರಿಟನ್ನಿನಲ್ಲಿ 6ನೇ ಸ್ಥಾನಕ್ಕೇರಿದ ಈ ಹಾಡಿನಿಂದಲೇ ಕಂಪನಿಗೆ ಪೂರ್ತಿ ಆಲ್ಬಮ್ ಬೇಕೆನಿಸಿತು, ಅದೂ ಕೂಡಲೇ.

ಇಲ್ಲಿ ತುಲನೆಗೆಂದು 1966ರ 'ರಿವರ್ ಡೀಪ್, ಮೌಂಟನ್ ಹೈ' ಹಾಕಿ ಕೇಳಿದೆ. ನಿರ್ಮಾಪಕ ಫಿಲ್ ಸ್ಪೆಕ್ಟರ್ ಎಬ್ಬಿಸಿದ ವಾದ್ಯಗಳ ಗೋಡೆಯ ವಿರುದ್ಧ ಇಪ್ಪತ್ತಾರರ ಟೀನಾ ಕೊನೆಯವರೆಗೂ ಹೋರಾಡುತ್ತಾರೆ. ನಲವತ್ತನಾಲ್ಕರ ಟೀನಾಗೆ ಆ ಶಕ್ತಿ ಹಾಗೇ ಇದೆ, ಖರ್ಚು ಮಾಡುವ ರೀತಿ ಮಾತ್ರ ಬದಲಾಗಿದೆ. ನನ್ನ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತಿರುವ ಟಿಪ್ಪಣಿ ಇದೇ: 'ತಡೆದಿದ್ದಾರೆ'. ಹಲವು ನಿರ್ಮಾಪಕರ ಕೈಯಲ್ಲಿ ತುಂಡುತುಂಡಾಗಿ ತಯಾರಾದ ಈ ಆಲ್ಬಮ್ ಒಂದೇ ಬಟ್ಟೆಯಂತೆ ಕಾಣುವುದು ಈ ತಡೆಯಿಂದ ಎಂಬುದು ನನ್ನ ವಾದ.

ಶೀರ್ಷಿಕೆಯ ಹಾಡಿಗೆ ಜೋಡಿಯೇ ಇಲ್ಲ. ಮಾರ್ಕ್ ನಾಫ್ಲರ್ ಇದನ್ನು ಬರೆದದ್ದು ತನ್ನ ತಂಡ 'ಡೈರ್ ಸ್ಟ್ರೇಟ್ಸ್'ನ 'ಲವ್ ಓವರ್ ಗೋಲ್ಡ್' (1982) ಆಲ್ಬಮ್‌ಗೆ. ಹಣ ಕೊಟ್ಟವರಿಗಾಗಿ ಕುಣಿಯುವ ಹೆಣ್ಣಿನ ಮಾತುಗಳು ಗಂಡಿನ ಬಾಯಲ್ಲಿ ಸರಿಹೋಗುವುದಿಲ್ಲವೆಂದು ಕೈಬಿಟ್ಟರು. ಟೀನಾಗಾಗಿ ಹೊಸದಾಗಿ ಮುದ್ರಿಸಿದಾಗ ನಾಫ್ಲರ್ ಬಿಟ್ಟು ಅದೇ ತಂಡದವರು ನುಡಿಸಿದರು, ಗಿಟಾರ್ ಸೋಲೋಗೆ ಜೆಫ್ ಬೆಕ್ ಬಂದರು. ಹಾಗಾಗಿ ನಾನು 'ಲವ್ ಓವರ್ ಗೋಲ್ಡ್' ಶೀರ್ಷಿಕೆಯ ಹಾಡನ್ನೇ ಪಕ್ಕಕ್ಕಿಟ್ಟೆ. ಅದೇ ನಿಧಾನದ ನಡೆ, ಅದೇ ಮಬ್ಬು ಬೆಳಕು. ಬೆಕ್‌ನ ಗಿಟಾರ್ ಬಂದಾಗ ಮಾತ್ರ ಕೋಣೆಯೊಳಗೆ ಅಪರಿಚಿತನೊಬ್ಬ ನುಗ್ಗಿದಂತೆ ಬೆಚ್ಚುತ್ತೇವೆ, ಅದು ಹಾಡಿಗೆ ಒಳ್ಳೆಯದೇ.

ಇಳಿಸುವಾಗ ತೊಂದರೆ ಕೊಟ್ಟದ್ದೂ ಇದೇ ಹಾಡು. ಏಳು ನಿಮಿಷ ಮೀರುವ ಇದು ಮೊದಲ ಬದಿಯ ಕಟ್ಟಕಡೆಯಲ್ಲಿ, ತಟ್ಟೆಯ ನಡುವಿನ ಲೇಬಲ್‌ಗೆ ತಾಗಿದಂತಿದೆ. ಎಲ್‌ಪಿ ತಿರುಗುವ ವೇಗ ಒಂದೇ ಇದ್ದರೂ ಒಳಸುತ್ತಿನಲ್ಲಿ ಸುತ್ತಳತೆ ಕಡಿಮೆ. ಅಷ್ಟೇ ಸಂಗೀತ ಕಿರಿದಾದ ಗೆರೆಯಲ್ಲಿ ಇರುಕಿಕೊಂಡಿರುತ್ತದೆ. ಮೊದಲು ಕೆಡುವುದು 'ಸ', 'ಶ' ಅಕ್ಷರಗಳು. ಮುಳ್ಳನ್ನು ಹತ್ತಿಯಿಂದ ಒರೆಸಿ, ಮುಳ್ಳು ಹಿಡಿದಿರುವ ಕಾರ್ಟ್ರಿಜ್‌ನ ಕೋನವನ್ನು ಒಳಸುತ್ತಿಗೆ ಸರಿಯಾಗಿ ಹೊಂದಿಸಿದ ಮೇಲೆ ಸೀಟಿಯಂತಿದ್ದ ಸದ್ದು ಉಸಿರಿನಷ್ಟಕ್ಕೆ ಇಳಿಯಿತು. ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ.

'ವಾಟ್ಸ್ ಲವ್ ಗಾಟ್ ಟು ಡೂ ವಿತ್ ಇಟ್' ಬಗ್ಗೆ ಹೆಚ್ಚು ಬರೆದಿಲ್ಲ, ಜಗತ್ತೇ ಬರೆದಿದೆ. ಕ್ಲಿಫ್ ರಿಚರ್ಡ್ ಬೇಡವೆಂದ ಹಾಡು, 'ಬಕ್ಸ್ ಫಿಜ್' ತಂಡ ಮುದ್ರಿಸಿ ಇಟ್ಟುಕೊಂಡಿದ್ದ ಹಾಡು, ಟೀನಾಗೂ ಮೊದಲಿಗೆ ಹಿಡಿಸದ ಹಾಡು. 1984ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಮೂರು ವಾರ ಮೊದಲ ಸ್ಥಾನ, ಮರುವರ್ಷ ಗ್ರ್ಯಾಮಿಯಲ್ಲಿ 'ರೆಕಾರ್ಡ್ ಆಫ್ ದ ಇಯರ್'. 'ಬಕ್ಸ್ ಫಿಜ್' ರೂಪ ಕೇಳಿದರೆ ಹಾಡಿನಲ್ಲಿ ಸಿಹಿ ಎಷ್ಟಿತ್ತು, ಟೀನಾ ಎಷ್ಟನ್ನು ತೆಗೆದುಹಾಕಿದರು ಎಂಬುದು ಗೊತ್ತಾಗುತ್ತದೆ.

ಎರಡನೆಯ ಬದಿಯಲ್ಲಿ 'ಹೆಲ್ಪ್!' ಕೂಡ ಆಯಿತು. ನನ್ನ ಪ್ರತಿ ಬ್ರಿಟಿಷ್ ಆವೃತ್ತಿಯದು, ಅಮೆರಿಕದ ಮೂಲ ಆವೃತ್ತಿಯಲ್ಲಿ ಈ ಹಾಡಿಲ್ಲ. ಬೀಟಲ್ಸ್ ಇದನ್ನು ತೀರಾ ವೇಗವಾಗಿ ಹಾಡಿಬಿಟ್ಟೆವು ಎಂದು ಜಾನ್ ಲೆನನ್ ಆಮೇಲೆ ಗೊಣಗಿದ್ದುಂಟು. 'ಕ್ರುಸೇಡರ್ಸ್' ತಂಡದ ಜೋ ಸ್ಯಾಂಪಲ್, ವಿಲ್ಟನ್ ಫೆಲ್ಡರ್ ಜೊತೆ ಟೀನಾ ಅದನ್ನು ಚರ್ಚಿನ ಪ್ರಾರ್ಥನೆಯ ನಡೆಗೆ ಇಳಿಸಿದ್ದಾರೆ. ಈ ಸಲ ಎಲ್ಲೂ ತಡೆಯುವುದಿಲ್ಲ, ಕೊನೆಗೆ ಗಂಟಲು ಹರಿಯುವಂತೆ ಹಾಡುತ್ತಾರೆ. ನನ್ನ ವಾದಕ್ಕೆ ಇದು ವಿರುದ್ಧ ಸಾಕ್ಷಿ, ಹಾಗೆಂದೇ ಬರೆದಿಟ್ಟಿದ್ದೇನೆ.

ಬಾಕಿ ಇರುವುದು: 'ಸ್ಪೈಡರ್' ತಂಡದ 'ಬೆಟರ್ ಬಿ ಗುಡ್ ಟು ಮಿ', ಪಾಲ್ ಬ್ರೇಡಿಯ 'ಸ್ಟೀಲ್ ಕ್ಲಾ', ಬೋವೀಯ '1984'. ಇವುಗಳ ಜೊತೆಗೆ ಇನ್ನೊಂದು ಸೇರಿಕೊಂಡಿದೆ. ಆಲ್ಬಮ್‌ಗೆಂದು ಮುದ್ರಿಸಿ ಕೈಬಿಟ್ಟಿದ್ದ 'ಹಾಟ್ ಫಾರ್ ಯೂ, ಬೇಬಿ' 2025ರಲ್ಲಿ ನಲವತ್ತನೇ ವರ್ಷದ ಆವೃತ್ತಿಯೊಂದಿಗೆ ಹೊರಬಂತು. ಅದೂ ಮೊದಲು ಬೇರೆಯವರದೇ, ಆಸ್ಟ್ರೇಲಿಯಾದ ಜಾನ್ ಪಾಲ್ ಯಂಗ್ 1979ರಲ್ಲಿ ಹಾಡಿದ್ದು. ಪುಟ ತೆರೆದಿದ್ದೇನೆ. ಯಂಗ್ ಹಾಡಿದ ಹಳೆಯ ತಟ್ಟೆ ಯಾರ ಬಳಿಯಾದರೂ ಇದ್ದರೆ ತಿಳಿಸಿ, ಇಳಿಸಿಕೊಂಡು ಜೋಪಾನವಾಗಿ ಹಿಂದಿರುಗಿಸುತ್ತೇನೆ.